ಎಲೆಮರೆಯ ಅಂಗಡಿ

ಸರಕು ಒಳ್ಳೆಯದಾಗಿದ್ದರೆ ಕೊಳ್ಳುವವರು ತಾವಾಗಿಯೇ ಅರಸಿಕೊಂಡು ಬರುತ್ತಾರೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ವಾರದ ಸಂತೆಯಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಿಜವೇ ಆಗಿತ್ತು. ಕುಂಬಾರನ ಮಡಕೆಗಳು ಯಾವ ಸಾಲಿನಲ್ಲಿರುತ್ತವೆ, ಕಂಬಳಿ ಮಾರುವವರು ಯಾವ ಮರದ ನೆರಳಿನಲ್ಲಿ ಕುಳಿತಿರುತ್ತಾರೆ ಎಂಬುದು ಸುತ್ತಲಿನ ಹಳ್ಳಿಗಳಿಗೆಲ್ಲ ತಿಳಿದಿರುತ್ತಿತ್ತು. ಆದರೆ ಅಂತರ್ಜಾಲವೆಂಬ ಇಂದಿನ ಸಂತೆಗೆ ಬೀದಿಯೂ ಇಲ್ಲ, ಸಾಲೂ ಇಲ್ಲ. ಕೊಳ್ಳುವವನು ತನಗೆ ಬೇಕಾದುದನ್ನು ನಾಲ್ಕಾರು ಮಾತುಗಳಲ್ಲಿ ಕೇಳುತ್ತಾನೆ. ಯಂತ್ರವೊಂದು ಕ್ಷಣಾರ್ಧದಲ್ಲಿ ಉತ್ತರಗಳ ಪಟ್ಟಿಯನ್ನು ಅವನ ಮುಂದಿಡುತ್ತದೆ. ಆ ಪಟ್ಟಿಯ ಮೊದಲ ಪುಟದಲ್ಲಿ ಕಾಣಿಸಿಕೊಳ್ಳದ ಅಂಗಡಿ ಎಲೆಮರೆಯ ಕಾಯಿಯಂತೆ ಉಳಿದುಬಿಡುವ ಸಂಭವವೇ ಹೆಚ್ಚು. ಹಾಗಾಗದಂತೆ ಜಾಲತಾಣವನ್ನು ಅಣಿಗೊಳಿಸುವ ವಿದ್ಯೆಗೆ 'ಸರ್ಚ್ ಎಂಜಿನ್ ಆಪ್ಟಿಮೈಸೇಶನ್' ಎಂದು ಹೆಸರು.

ಈ ವಿದ್ಯೆಯನ್ನು ಅರಿಯಬೇಕಾದರೆ ಶೋಧಯಂತ್ರದ ಕಾರ್ಯವಿಧಾನವನ್ನು ಮೊದಲು ತಿಳಿಯಬೇಕು. ಅದರ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದಾಗಿ, ಅದರ ತಂತ್ರಾಂಶಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಂಚರಿಸುತ್ತ ಜಾಲದ ಪುಟಗಳನ್ನು ಓದುತ್ತವೆ. ಎರಡನೆಯದಾಗಿ, ಯಾವ ಪದ ಯಾವ ಯಾವ ಪುಟಗಳಲ್ಲಿದೆ ಎಂಬ ಬೃಹತ್ ಸೂಚಿಯೊಂದನ್ನು ಸಿದ್ಧಪಡಿಸುತ್ತವೆ; ಗ್ರಂಥದ ಕೊನೆಯಲ್ಲಿರುವ ಶಬ್ದಸೂಚಿಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಮೂರನೆಯದಾಗಿ, ಯಾರಾದರೂ ಪ್ರಶ್ನೆ ಕೇಳಿದಾಗ ಆ ಸೂಚಿಯಿಂದ ತಕ್ಕ ಪುಟಗಳನ್ನು ಆಯ್ದು, ಹೆಚ್ಚು ಉಪಯುಕ್ತವೆಂದು ತೋರಿದುದನ್ನು ಮೇಲೆ, ಉಳಿದುದನ್ನು ಕೆಳಗೆ ಇರಿಸುತ್ತವೆ.

ಈ ಮೂರನೆಯ ಹಂತವೇ ಅತ್ಯಂತ ಕಠಿಣವಾದುದು. ಕೇಳಿದ ಪದ ಎಷ್ಟು ಬಾರಿ ಬಂದಿದೆ ಎಂದು ಎಣಿಸಿದ ಮಾತ್ರಕ್ಕೆ ಪುಟದ ಯೋಗ್ಯತೆ ತಿಳಿಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ವಿದ್ವಾಂಸರು ತಮ್ಮ ಪ್ರಬಂಧಗಳಲ್ಲಿ ಹಿಂದಿನ ಒಳ್ಳೆಯ ಪ್ರಬಂಧಗಳನ್ನು ಉಲ್ಲೇಖಿಸುವಂತೆ, ಜಾಲದಲ್ಲಿಯೂ ಒಂದು ಪುಟ ಮತ್ತೊಂದಕ್ಕೆ ಕೊಂಡಿ ಕೊಟ್ಟರೆ ಅದು ಶಿಫಾರಸಿಗೆ ಸಮಾನ. ಸ್ವತಃ ಗಣ್ಯವಾದ ಪುಟ ಮಾಡಿದ ಶಿಫಾರಸಿಗೆ ತೂಕ ಇನ್ನೂ ಹೆಚ್ಚು ಎಂಬುದು ಅವರ ತರ್ಕ. 1998ರಲ್ಲಿ ಅವರು ಸ್ಥಾಪಿಸಿದ ಗೂಗಲ್ ಸಂಸ್ಥೆ ಈ ತರ್ಕದ ಮೇಲೆ ಬೆಳೆಯಿತು. ಇಂದು ಇದರೊಂದಿಗೆ ಇನ್ನೂ ಹಲವಾರು ಅಂಶಗಳನ್ನು ಯಂತ್ರ ಗಣನೆಗೆ ತೆಗೆದುಕೊಳ್ಳುತ್ತದೆ.

ಒಂದು ಉದಾಹರಣೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ಚನ್ನಪಟ್ಟಣ ಮರದ ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿಯೊಬ್ಬ ಸ್ವಂತ ಜಾಲತಾಣ ತೆರೆದನೆಂದು ಭಾವಿಸೋಣ. ಮೊದಲ ಪುಟದಲ್ಲಿ 'ನಮ್ಮ ಸಂಸ್ಥೆಗೆ ಸುಸ್ವಾಗತ' ಎಂದು ಬರೆದು, ಕೆಳಗೆ ಹತ್ತಾರು ಚಿತ್ರಗಳನ್ನು ಅಂಟಿಸಿ ಸುಮ್ಮನಾದರೆ, ಯಂತ್ರಕ್ಕೆ ಅಲ್ಲಿ ಓದಲು ಸಿಗುವುದು ಸ್ವಾಗತವೊಂದೇ. ಅತ್ತ ಹುಬ್ಬಳ್ಳಿಯ ತಾಯಿಯೊಬ್ಬಳು 'ಒಂದು ವರ್ಷದ ಮಗುವಿಗೆ ಮರದ ಆಟಿಕೆ' ಎಂದು ಹುಡುಕುತ್ತಿರುತ್ತಾಳೆ. ಅವಳ ಪ್ರಶ್ನೆಗೆ ತಕ್ಕ ವಸ್ತು ಅವನಲ್ಲಿದೆ. ಆದರೆ ಅವಳ ಮಾತು ಅವನ ಪುಟದಲ್ಲಿಲ್ಲ. ಬೇಡಿಕೆಯೂ ಇದ್ದು, ಸರಕೂ ಇದ್ದು, ನಡುವೆ ಸೇತುವೆಯಿಲ್ಲದ ಸ್ಥಿತಿ ಇದು.

ಆ ಸೇತುವೆಯನ್ನು ಕಟ್ಟುವುದು ಅವನ ಕೈಯಲ್ಲಿಯೇ ಇದೆ. ಒಂದೊಂದು ಆಟಿಕೆಗೂ ಒಂದೊಂದು ಪುಟವನ್ನು ಮೀಸಲಿಟ್ಟು, ಅದಕ್ಕೆ ಹೊಂದುವ ಸ್ಪಷ್ಟ ಶೀರ್ಷಿಕೆ ಕೊಡಬೇಕು. ಅದು ಯಾವ ಮರದಿಂದ ಕಡೆದುದು, ಬಣ್ಣಕ್ಕೆ ಅರಗನ್ನು ಹೇಗೆ ಬಳಸಲಾಗಿದೆ, ಎಷ್ಟು ವಯಸ್ಸಿನ ಮಗುವಿಗೆ ತಕ್ಕುದು, ಬೆಲೆಯೆಷ್ಟು, ಅಂಚೆಯಲ್ಲಿ ಕಳುಹಿಸಲಾಗುವುದೆ ಎಂಬುದನ್ನು ಜನರ ಮಾತಿನಲ್ಲಿ ಬರೆಯಬೇಕು. ಚಿತ್ರಕ್ಕೆ ವಿವರಣೆ ಸೇರಿಸಬೇಕು. 'ಆಟಿಕೆ' ಎಂಬ ಒಂದೇ ಪದಕ್ಕಾಗಿ ದೊಡ್ಡ ಮಾರಾಟ ಸಂಸ್ಥೆಗಳೊಡನೆ ಸೆಣಸುವುದು ಅವನಿಗೆ ಸಾಧ್ಯವಾಗದಿರಬಹುದು. ಆದರೆ ಹುಡುಕುವವರ ಪ್ರಶ್ನೆ ಸೂಕ್ಷ್ಮವಾದಷ್ಟೂ, ಕಸುಬನ್ನು ಬಲ್ಲವನ ಉತ್ತರಕ್ಕೆ ಬೆಲೆ ಹೆಚ್ಚುತ್ತದೆ.

ಕನ್ನಡದಲ್ಲಿ ಬರೆಯುವವರು ಲಿಪಿಯ ವಿಷಯದಲ್ಲಿಯೂ ಎಚ್ಚರದಿಂದಿರಬೇಕು. ಯೂನಿಕೋಡ್ ಎಂಬ ಅಕ್ಷರಸಂಕೇತ ವ್ಯವಸ್ಥೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ಅನೇಕ ಪುಟಗಳು ಬೇರೆ ಬೇರೆ ಫಾಂಟುಗಳ ಸ್ವಂತ ಸಂಕೇತಗಳಲ್ಲಿ ಸಿದ್ಧವಾದವು. ಅಂಥ ಪುಟ ಓದುಗನ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿರುತ್ತದೆ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಮಾತ್ರ ಯಂತ್ರ ಕನ್ನಡವೆಂದು ನೆಚ್ಚಿಕೆಯಿಂದ ಗುರುತಿಸಬಲ್ಲುದು.

ಇಲ್ಲಿ ಅಡ್ಡದಾರಿಗಳೂ ಇಲ್ಲದಿಲ್ಲ. ಒಂದೇ ಪದವನ್ನು ನೂರಾರು ಬಾರಿ ತುರುಕುವುದು, ಹಣ ತೆತ್ತು ಕೊಂಡಿಗಳನ್ನು ಕೊಳ್ಳುವುದು, ಯಂತ್ರಕ್ಕೊಂದು ಜನರಿಗೊಂದು ಪುಟ ತೋರುವುದು ಇವೇ ಮೊದಲಾದ ತಂತ್ರಗಳನ್ನು ಕೆಲವರು ಹೂಡಿದರು. 2006ರಲ್ಲಿ ಪ್ರಖ್ಯಾತ ಕಾರು ತಯಾರಕರಾದ ಬಿಎಂಡಬ್ಲ್ಯೂ ಸಂಸ್ಥೆಯ ಜರ್ಮನ್ ಜಾಲತಾಣ ಇಂಥ ಪುಟಗಳನ್ನು ಬಳಸಿದುದಕ್ಕಾಗಿ ಗೂಗಲ್ ಅದನ್ನು ತನ್ನ ಸೂಚಿಯಿಂದಲೇ ತೆಗೆದುಹಾಕಿತು; ಆ ಪುಟಗಳನ್ನು ಕಿತ್ತುಹಾಕಿದ ಮೇಲೆ ಅದಕ್ಕೆ ಮರಳಿ ಸ್ಥಾನ ದೊರೆಯಿತು. 2012ರಲ್ಲಿ 'ಪೆಂಗ್ವಿನ್' ಎಂಬ ಬದಲಾವಣೆಯನ್ನು ಜಾರಿಗೆ ತಂದು ಕೃತಕ ಕೊಂಡಿಗಳ ಮೇಲೆಯೂ ಅದು ಕಡಿವಾಣ ಹಾಕಿತು. ದೊಡ್ಡ ಸಂಸ್ಥೆ ಇಂಥ ಪೆಟ್ಟನ್ನು ತಾಳಿಕೊಂಡೀತು. ಒಂದೇ ಅಂಗಡಿಯನ್ನು ನೆಚ್ಚಿದ ಸಂಸಾರ ತಾಳಲಾರದು. ಆದುದರಿಂದ ಮೊದಲ ಸ್ಥಾನವನ್ನು ಖಂಡಿತವಾಗಿ ಕೊಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬಾರದು. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ಹಣ ಕೊಟ್ಟು ಪಡೆಯುವ ಜಾಹೀರಾತಿನ ಸ್ಥಾನ ಬೇರೆ. ಅದನ್ನು ಜಾಹೀರಾತೆಂದು ಗುರುತಿಸಿಯೇ ತೋರಿಸಲಾಗುತ್ತದೆ.

ಇಷ್ಟಾದರೂ ಪ್ರಾಮಾಣಿಕನಿಗೆ ಜಯ ಕಟ್ಟಿಟ್ಟ ಬುತ್ತಿಯೆಂದು ತಿಳಿಯಬಾರದು. ಒಳ್ಳೆಯ ಪುಟವೂ ಮೇಲೇರಲು ತಿಂಗಳುಗಳು ಹಿಡಿಯಬಹುದು. ಯಂತ್ರದ ನಿಯಮಗಳನ್ನು ರೂಪಿಸುವವರು ದೂರದ ಸಂಸ್ಥೆಯವರು. ಅವರು ಮಾಡುವ ಬದಲಾವಣೆಗೆ ಸಣ್ಣ ವ್ಯಾಪಾರಿಯ ಒಪ್ಪಿಗೆ ಬೇಕಿಲ್ಲ. 2024ರಲ್ಲಿ ಗೂಗಲ್ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ಸಿದ್ಧಪಡಿಸಿದ ಸಾರಾಂಶವನ್ನು ಪಟ್ಟಿಯ ಮೇಲ್ಗಡೆ ಕೊಡಲಾರಂಭಿಸಿತು. ಹುಡುಕಿದವನು ಅದನ್ನಷ್ಟೇ ಓದಿ ತೃಪ್ತನಾದರೆ, ಆ ವಿವರವನ್ನು ಬರೆದವನ ಅಂಗಡಿಯ ಬಾಗಿಲಿಗೆ ಬರುವುದೇ ಇಲ್ಲ. ಆದುದರಿಂದ ಬಲ್ಲ ವ್ಯಾಪಾರಿ ಯಂತ್ರವೊಂದನ್ನೇ ನೆಚ್ಚಿ ಕೂರದೆ, ಒಮ್ಮೆ ಬಂದ ಗಿರಾಕಿ ಮತ್ತೊಮ್ಮೆ ತನ್ನ ಹೆಸರನ್ನೇ ಹಿಡಿದು ಹುಡುಕುವಂತೆ ವ್ಯವಹರಿಸುತ್ತಾನೆ.

ಸಂತೆ ಬದಲಾಗಿದೆ; ವ್ಯಾಪಾರದ ಧರ್ಮ ಬದಲಾಗಿಲ್ಲ. ಗಿರಾಕಿಯ ಅಗತ್ಯವನ್ನು ಅರಿತು, ತನ್ನಲ್ಲಿರುವುದನ್ನು ಇದ್ದಂತೆಯೇ, ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬಲ್ಲವನ ಅಂಗಡಿ ಎಲೆಮರೆಯಲ್ಲಿದ್ದರೂ ಇಂದಲ್ಲ ನಾಳೆ ಕಣ್ಣಿಗೆ ಬೀಳುವ ಅವಕಾಶ ಉಳಿದೇ ಇರುತ್ತದೆ.