ಅಪ್ಪನಿಗೆ ಕೇಳಿಸದ ಟ್ವೀಟರ್

ಹಬ್ಬದ ಸೀಸನ್‌ನಲ್ಲಿ ನಮ್ಮ ಮನೆಯಲ್ಲಿ ಕೋಳಿ ಕೂಗುವುದಕ್ಕಿಂತ ಮೊದಲು ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಕೇಳಿಸುತ್ತದೆ. ಕೆ.ಆರ್.ಪೇಟೆ ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ 28 ವರ್ಷಗಳಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದಾರೆ. ಮದುವೆ, ತಿಥಿ, ಗಣಪತಿ ಮೆರವಣಿಗೆ, ‘ಕುರುಕ್ಷೇತ್ರ’ ನಾಟಕ, ಏನೇ ಇರಲಿ, ಹಾರ್ನ್ ಕಟ್ಟಬೇಕೆಂದರೆ ಜನ ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ‘ಬರುತ್ತಿದ್ದರು’ ಎಂದು ಬರೆಯಲು ಕಾರಣವಿದೆ. ಎರಡು ವರ್ಷಗಳಿಂದ ಬಾಡಿಗೆ ಕಡಿಮೆಯಾಗುತ್ತಾ ಬಂತು. ಕೇಳಿದರೆ ಎಲ್ಲರದೂ ಒಂದೇ ಮಾತು: ‘ನಿಮ್ ಸೆಟ್ಟು ಕಿವಿಗೆ ಚುಚ್ಚುತ್ತೆ ಕಣಣ್ಣೋ.’

‘ಹಾರ್ನ್ ಹಳೇವಾದ್ವು’ ಎಂದು ಅಪ್ಪ ಸುಮ್ಮನಾದರು. ನಾನೂ ಹಾಗೆಯೇ ನಂಬಿದೆ. ಬಿಇ ಓದುತ್ತಿರುವ ಮಗನಿದ್ದೂ ಅಪ್ಪನ ಸೆಟ್ ಹೀಗಿರಬಾರದು ಎಂದುಕೊಂಡು ಐದನೇ ಸೆಮಿಸ್ಟರ್‌ನಲ್ಲಿ ಸ್ಪೀಕರ್ ಕಟ್ಟಲು ಹೊರಟೆ. ಮೊದಲು ಮನೆಗೊಂದು ಚಿಕ್ಕ ಜೋಡಿ. ಅದು ಸರಿಬಂದರೆ ನಾಮಕರಣ, ಸೀಮಂತದಂಥ ಕಾರ್ಯಗಳಿಗೆ ದೊಡ್ಡದು. ಇದು ಲೆಕ್ಕಾಚಾರ.

ಸ್ಪೀಕರ್ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಎರಡು ಯೂನಿಟ್ ಇರುತ್ತವೆ. ತಬಲಾದ ಬಾಯಾ, ಡೋಲಿನಂಥ ಕೆಳ ಸ್ವರಗಳಿಗೆ ದೊಡ್ಡ ವೂಫರ್. ತಾಳ, ಗೆಜ್ಜೆಯ ಸಣ್ಣ ಸದ್ದಿಗೆ ಟ್ವೀಟರ್. ಯಾವ ಸದ್ದು ಯಾರಿಗೆ ಎಂದು ಹಂಚುವುದು ಕ್ರಾಸ್‌ಓವರ್. ನಮ್ಮ ಕಡೆ ಅಜ್ಜಿಯಂದಿರು ಒಂದರಿ ಹಿಡಿದು ಅಕ್ಕಿ ಬೇರೆ, ನುಚ್ಚು ಬೇರೆ ಮಾಡುತ್ತಾರಲ್ಲ, ಅದೇ ಕೆಲಸ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪೆಟ್ಟಿಗೆಗಳಲ್ಲಿ ಒಂದೇ ಆಂಪ್ಲಿಫೈಯರ್ ಎಲ್ಲವನ್ನೂ ದೊಡ್ಡದು ಮಾಡಿ ಕಳಿಸುತ್ತದೆ, ಆಮೇಲೆ ಪೆಟ್ಟಿಗೆಯೊಳಗೆ ಜರಡಿ ಹಿಡಿಯುತ್ತಾರೆ. ನಾನು ಆರಿಸಿಕೊಂಡದ್ದು ಇನ್ನೊಂದು ದಾರಿ. ಸದ್ದು ಚಿಕ್ಕದಿರುವಾಗಲೇ ಜರಡಿ ಹಿಡಿದು, ವೂಫರ್‌ಗೊಂದು, ಟ್ವೀಟರ್‌ಗೊಂದು ಆಂಪ್ಲಿಫೈಯರ್ ಕೊಡುವುದು. ಎಡ, ಬಲ ಸೇರಿ ಒಟ್ಟು ನಾಲ್ಕು.

ಅಪ್ಪನಿಗೆ ಇದು ತಮಾಷೆಯಾಗಿ ಕಂಡಿತು. ‘ಒಂದ್ ಪೆಟ್ಟಿಗೆಗೆ ಎರಡು ಆಂಪ್ಲಿನಾ? ಒಂದ್ ಎತ್ತಿಗೆ ಎರಡು ನೊಗ ಹಾಕ್ದಂಗಾಯ್ತಲ್ಲೋ ಮಗಾ!’

ನಾನು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ವೂಫರ್‌ಗೆ 10 ವೋಲ್ಟ್, ಟ್ವೀಟರ್‌ಗೆ 10 ವೋಲ್ಟ್ ಬೇಕು ಎಂದಿಟ್ಟುಕೊಳ್ಳಿ. 8 ಓಮ್‌ನ ಯೂನಿಟ್‌ಗೆ 10 ವೋಲ್ಟ್ ಎಂದರೆ ಹನ್ನೆರಡೂವರೆ ವ್ಯಾಟ್. ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್ ಇದ್ದರೆ ಹನ್ನೆರಡೂವರೆ ವ್ಯಾಟಿನವು ಎರಡು ಸಾಕು. ಒಂದೇ ಆಂಪ್ಲಿಫೈಯರ್ ಎರಡನ್ನೂ ಹೊರಬೇಕಾದರೆ, ಎರಡೂ ಅಲೆಗಳ ತುದಿ ಒಂದರ ಮೇಲೊಂದು ಕೂತಾಗ ಅದು 20 ವೋಲ್ಟ್‌ನಷ್ಟು ಏಳಬೇಕು. ಅಂದರೆ 50 ವ್ಯಾಟಿನ ಆಂಪ್ಲಿಫೈಯರ್ ಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಆಗ ಸದ್ದು ಒಡೆಯುತ್ತದೆ. ಅಪ್ಪ ಹಾಳೆಯನ್ನು ಎರಡು ಸಲ ನೋಡಿದರು. ‘ಅದಕ್ಕೇ ಡೋಲು ಬಡಿದಾಗೆಲ್ಲ ಹಾಡೋರ ಗಂಟಲು ಕಟ್ಟಿದಂಗೆ ಆಗೋದು’ ಎಂದರು. 28 ವರ್ಷ ಕಿವಿಯಿಂದ ತಿಳಿದದ್ದಕ್ಕೆ ಕಾರಣ ಸಿಕ್ಕ ಖುಷಿ ಅದು.

ನನ್ನ ಕಾಲೇಜು ಇರುವುದು ನಾಗಮಂಗಲ ತಾಲ್ಲೂಕಿನಲ್ಲಿ. ಜರಡಿಯ ಸರ್ಕಿಟ್ ಅಲ್ಲಿನ ಹಾಸ್ಟೆಲ್ ರೂಮಿನಲ್ಲೇ ತಯಾರಾಯಿತು. 1976ರಲ್ಲಿ ಲಿಂಕ್‌ವಿಟ್ಜ್ ಮತ್ತು ರೈಲಿ ಎಂಬ ಎಂಜಿನಿಯರುಗಳ ಹೆಸರಿನಲ್ಲಿ ಪ್ರಸಿದ್ಧವಾದ ವಿನ್ಯಾಸ ಅದು. 10 ಕಿಲೋ ಓಮ್ ರೆಸಿಸ್ಟರ್, 4.7 ನ್ಯಾನೋಫ್ಯಾರಡ್ ಕೆಪಾಸಿಟರ್ ಇಟ್ಟು ಸೂತ್ರ ಹಾಕಿದರೆ ಸುಮಾರು 2400 ಹರ್ಟ್ಸ್‌ಗೆ ಸದ್ದು ಇಬ್ಭಾಗವಾಗುತ್ತದೆ. ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಿಡೀ ಶನಿವಾರ ಅಲೆದು ತಂದೆ. ಪೆಟ್ಟಿಗೆ ಮಾಡಿಕೊಟ್ಟದ್ದು ಪಾಂಡವಪುರದ ಒಬ್ಬ ಬಡಗಿ. ‘ದೇವರ ಮಂಟಪ ಮಾಡಿದೀನಿ, ಜೇನುಪೆಟ್ಟಿಗೆ ಮಾಡಿದೀನಿ, ಇದೊಂದು ಮಾಡಿರಲಿಲ್ಲ’ ಎಂದು ನಗುತ್ತಲೇ ಒಂದು ಮಿಲಿಮೀಟರ್ ತಪ್ಪದಂತೆ ಕೊರೆದುಕೊಟ್ಟರು.

ಇಂಥ ಹುಚ್ಚು ನಮ್ಮ ಸೀಮೆಗೆ ಹೊಸತೇನಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟಿನದು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಪರಿಚಯವಾದದ್ದು ಆ ಮನೆಯಿಂದ. ರಾತ್ರಿ ಎರಡು ಗಂಟೆಗೆ ಸೋಲ್ಡರಿಂಗ್ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುವಾಗ ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆದರೆ ಮೊದಲ ಪರೀಕ್ಷೆಯಲ್ಲೇ ಎಡವಿದೆ. ಹಾಸ್ಟೆಲ್ ಗೆಳೆಯರೆಲ್ಲ ಸುತ್ತ ನಿಂತಿದ್ದರು. ಆತುರದಲ್ಲಿ ವೂಫರ್ ವೈರನ್ನು ಟ್ವೀಟರ್‌ಗೆ, ಟ್ವೀಟರ್ ವೈರನ್ನು ವೂಫರ್‌ಗೆ ಕೊಟ್ಟು ಸ್ವಿಚ್ ಒತ್ತಿ, ಜೋರಾಗಿ ಹಾಡು ಹಾಕಿದೆ. ‘ಟಪ್’ ಎಂಬ ಸದ್ದು, ಸುಟ್ಟ ವಾಸನೆ. 1800 ರೂಪಾಯಿಯ ಟ್ವೀಟರ್ ಹಾಡಿನ ಮೊದಲ ಸಾಲೂ ಮುಗಿಸಲಿಲ್ಲ. ಅದು ನನ್ನ ಒಂದು ತಿಂಗಳ ಮೆಸ್ ದುಡ್ಡು.

ಆ ವಾರ ಊರಿಗೆ ಹೋದಾಗ ಅಪ್ಪ ಬೈಯಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಬೋರ್ಡೊಂದನ್ನು ತಂದಿಟ್ಟರು. ಅದರಲ್ಲೊಂದು ಹೋಲ್ಡರ್, 100 ವ್ಯಾಟಿನ ಬಲ್ಬ್. ಹೊಸ ಆಂಪ್ಲಿಫೈಯರಿಗೆ ಮೊದಲ ಸಲ ಕರೆಂಟ್ ಕೊಡುವಾಗ ಈ ಬಲ್ಬಿನ ಮೂಲಕವೇ ಕೊಡಬೇಕು. ಒಳಗೆಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆಂಪ್ಲಿಫೈಯರ್ ಉಳಿಯುತ್ತದೆ. ಎಲ್ಲ ಸರಿ ಇದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಆಮೇಲೆ ವೂಫರ್‌ಗೆ ಒಂದೂವರೆ ವೋಲ್ಟಿನ ಸೆಲ್ ಮುಟ್ಟಿಸಿ ತೋರಿಸಿದರು. ಕಾಗದದ ಕೋನ್ ಮುಂದಕ್ಕೆ ಬಂದರೆ ಪ್ಲಸ್ಸು ಸರಿ, ಹಿಂದಕ್ಕೆ ಹೋದರೆ ಉಲ್ಟಾ. ಕೊನೆಗೆ ಬಿಳಿ ಟೇಪ್ ಹರಿದು ಪ್ರತಿ ವೈರಿಗೂ ಹೆಸರು ಅಂಟಿಸಿದರು. ‘ಒಂದೊಂದೇ ನೋಡು ಮಗಾ. ಎಲ್ಲಾ ಒಟ್ಟಿಗೆ ಹಾಕಿದ್ರೆ ತಪ್ಪು ಎಲ್ಲೈತೆ ಅಂತ ಹೆಂಗೆ ಗೊತ್ತಾಯ್ತದೆ?’

ಮೂರು ವರ್ಷದ ಲ್ಯಾಬ್ ರೆಕಾರ್ಡ್‌ಗಳಲ್ಲಿ ನಾನು ಇಷ್ಟು ಸ್ಪಷ್ಟವಾಗಿ ಇದನ್ನು ಬರೆದುಕೊಂಡಿರಲಿಲ್ಲ. ಹೊಸ ಟ್ವೀಟರ್‌ಗೆ ಸರಣಿಯಲ್ಲಿ 20 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನೂ ಸೇರಿಸಿದೆ. ಕೆಳ ಸ್ವರವೋ ಡಿಸಿಯೋ ತಪ್ಪಿ ಬಂದರೆ ಅದು ತಡೆಯುತ್ತದೆ.

ಮುಂದಿನ ಪರೀಕ್ಷೆ ಶ್ರೀರಂಗಪಟ್ಟಣದಲ್ಲಿ. ಗಂಜಾಂನಲ್ಲಿರುವ ಗೆಳೆಯನ ಬಳಿ ಅಳತೆಗೆಂದೇ ಮಾಡಿದ ಮೈಕ್ ಇತ್ತು, ಲ್ಯಾಪ್‌ಟಾಪ್‌ನಲ್ಲಿ ಉಚಿತ ಸಾಫ್ಟ್‌ವೇರ್ ಹಾಕಿಕೊಂಡಿದ್ದೆವು. ರೂಮಿನೊಳಗೆ ಅಳೆದರೆ ಗೋಡೆಗೆ ಬಡಿದು ಬರುವ ಸದ್ದೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೇ ತಾರಸಿಯ ಮೇಲೆ ಸ್ಟೂಲ್ ಇಟ್ಟು, ಪೆಟ್ಟಿಗೆಯನ್ನು ಎತ್ತರದಲ್ಲಿ ಕೂರಿಸಿ ರಾತ್ರಿ ಹತ್ತರೊಳಗೆ ಮೆಲ್ಲಗೆ ಅಳೆದೆವು. ದೂರದಲ್ಲಿ ಮೈಸೂರು ರೈಲು ಹೋದಾಗಲೆಲ್ಲ ಗ್ರಾಫ್‌ನ ಎಡಬದಿ ಉಬ್ಬುತ್ತಿತ್ತು. ರೈಲು ದಾಟುವವರೆಗೆ ಕಾಯುವುದು, ಮತ್ತೆ ಅಳೆಯುವುದು.

ಅಲ್ಲೊಂದು ಉಪಾಯ ಕಲಿತೆ. ಟ್ವೀಟರ್‌ನ ಪ್ಲಸ್ಸು ಮೈನಸ್ಸನ್ನು ಬೇಕೆಂದೇ ಉಲ್ಟಾ ಮಾಡಬೇಕು. ವೂಫರ್ ಮತ್ತು ಟ್ವೀಟರ್ ಸದ್ದು ಒಂದೇ ಹೆಜ್ಜೆಯಲ್ಲಿ ಬರುತ್ತಿದ್ದರೆ, ಈಗ ಒಂದನ್ನೊಂದು ಕೊಂದು 2400 ಹರ್ಟ್ಸ್‌ನಲ್ಲಿ ಗ್ರಾಫ್ ಬಾವಿಯಂತೆ ಕುಸಿಯಬೇಕು. ನಮ್ಮದು ಕುಸಿಯಲಿಲ್ಲ, ಸ್ವಲ್ಪ ತಗ್ಗಿತು ಅಷ್ಟೆ. ವೂಫರ್‌ನ ಕೋನ್ ಒಳಗೆ ತಗ್ಗಾಗಿರುವುದರಿಂದ ಅದರ ಸದ್ದು ಟ್ವೀಟರ್‌ಗಿಂತ ಸುಮಾರು 2 ಸೆಂಟಿಮೀಟರ್ ಹಿಂದಿನಿಂದ ಹೊರಡುತ್ತಿತ್ತು. 2400 ಹರ್ಟ್ಸ್ ಅಲೆಯ ಉದ್ದವೇ 14 ಸೆಂಟಿಮೀಟರ್ ಚಿಲ್ಲರೆ. ಹಾಗಾಗಿ 2 ಸೆಂಟಿಮೀಟರ್ ಎಂದರೆ ದೊಡ್ಡ ವ್ಯತ್ಯಾಸವೇ. ಪೆಟ್ಟಿಗೆಯ ಮುಂಭಾಗದ ಅಡಿಗೆ 3 ಸೆಂಟಿಮೀಟರ್ ದಪ್ಪದ ಮರದ ತುಂಡು ಇಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದೆವು. ಮೇಲಿರುವ ಟ್ವೀಟರ್ ಅಷ್ಟರಮಟ್ಟಿಗೆ ಹಿಂದೆ ಸರಿಯಿತು, ಬಾವಿ ಬಂತು! ಗೆಳೆಯನ ತಾಯಿ ಕೆಳಗಿನಿಂದ ‘ಯಾಕ್ರಪ್ಪಾ ಕಿರುಚ್ತಿದೀರಾ?’ ಎಂದು ಕೇಳಿದರು. ವೈರನ್ನು ಮತ್ತೆ ಸರಿಮಾಡಿ ಹಾಡು ಹಾಕಿದಾಗ, ಹಾಡುವವರು ಪೆಟ್ಟಿಗೆಯೊಳಗಲ್ಲ, ತಾರಸಿಯ ಮೇಲೆ ನಮ್ಮೆದುರಿಗೇ ಕೂತಂತಿತ್ತು.

ಮರುದಿನವೇ ಊರಿಗೆ ತಂದೆ. ನಾಲ್ಕು ಆಂಪ್ಲಿಫೈಯರ್ ಇರುವ ಸೆಟ್‌ನಲ್ಲಿ ಒಂದು ಅನುಕೂಲವಿದೆ. ಟ್ವೀಟರ್‌ಗೆ ಬೇರೆಯದೇ ವಾಲ್ಯೂಮ್ ನಾಬ್ ಇರುತ್ತದೆ. ‘ಅಪ್ಪ, ಇದನ್ನ ನೀವೇ ಸೆಟ್ ಮಾಡಿ’ ಎಂದೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಾ ತಿರುಗಿಸಿದರು, ಇನ್ನೂ ತಿರುಗಿಸಿದರು. ತಂಗಿ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ನನಗೂ ಸೂಜಿ ಚುಚ್ಚಿದಂತಾಗುತ್ತಿತ್ತು. ಅಪ್ಪ ಮಾತ್ರ ತೃಪ್ತಿಯಿಂದ ‘ಈಗ ಸರಿಯಾಯ್ತು ನೋಡು’ ಎಂದರು.

ನನಗೆ ಏನೋ ಹೊಳೆಯಿತು. ಹಾಡು ನಿಲ್ಲಿಸಿ, ಸದ್ದು ಬಹಳ ತಗ್ಗಿಸಿ, ಲ್ಯಾಪ್‌ಟಾಪ್‌ನಿಂದ ಒಂದೊಂದೇ ಸ್ವರ ಕಳಿಸಿದೆ. ಕೇಳಿಸಿದರೆ ಕೈ ಎತ್ತಬೇಕು. 500, 1000, 2000 ಹರ್ಟ್ಸ್‌ಗೆ ಕೈ ಮೇಲಿತ್ತು. 3000ಕ್ಕೆ ಅನುಮಾನ. 4000ಕ್ಕೆ ಕೈ ಇಳಿಯಿತು. 6000ಕ್ಕೆ ತಂಗಿ ಹಿತ್ತಲಿನಿಂದಲೇ ‘ಅಣ್ಣಾ, ಆ ಕುಂಯ್ ಅನ್ನೋದನ್ನ ನಿಲ್ಸು!’ ಎಂದಳು. ಅಪ್ಪ ನನ್ನನ್ನೇ ನೋಡುತ್ತಾ ಕೇಳಿದರು: ‘ಇನ್ನೂ ಹಾಕಿಲ್ವಾ?’

ನಾನು ತಿಂಗಳುಗಟ್ಟಲೆ ಕಷ್ಟಪಟ್ಟು ಕಟ್ಟಿದ ಸ್ಪೀಕರ್‌ನ ಮೇಲರ್ಧ ಅಪ್ಪನಿಗೆ ಹೆಚ್ಚುಕಡಿಮೆ ಕೇಳುತ್ತಲೇ ಇರಲಿಲ್ಲ. ಸೆಟ್ಟು ಯಾಕೆ ಕಿವಿಗೆ ಚುಚ್ಚುತ್ತಿತ್ತೆಂಬುದೂ ಆಗಲೇ ತಿಳಿಯಿತು. ಹಾರ್ನ್‌ಗಳ ತಪ್ಪೇ ಅಲ್ಲ. ತಮಗೆ ಕೇಳಿಸದ ಟ್ರೆಬಲ್ ಅನ್ನು ಅಪ್ಪ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಂದಿದ್ದರು.

ಮನೆಯ ಪರೀಕ್ಷೆಯನ್ನು ನಂಬಿ ಕೂರುವಂತಿರಲಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಗಾಜಿನ ಕಿಟಕಿಯ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಅಪ್ಪ, ಪರೀಕ್ಷೆ ಬರೆಯಲು ಕೂತ ಹುಡುಗನಂತೆ ಕಂಡರು. ಅವರು ಕೊಟ್ಟ ಗ್ರಾಫ್‌ನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಕುಸಿದಿತ್ತು. ಗಂಜಾಂ ತಾರಸಿಯಲ್ಲಿ ನಾನು ಕುಣಿದಾಡಿದ್ದೂ ಇಂಥದ್ದೇ ಒಂದು ಬಾವಿ ಕಂಡು. ಇದನ್ನು ಮರದ ತುಂಡು ಇಟ್ಟು ಸರಿಮಾಡುವಂತಿಲ್ಲ. ದೊಡ್ಡ ಸದ್ದಿಗೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ.

ಕಾಪಾಡಿಕೊಳ್ಳುವ ಲೆಕ್ಕ ಸರಳವಾಗಿದೆ. ದುಡಿಯುವ ಜಾಗದಲ್ಲಿ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ ಎನ್ನುತ್ತಾರೆ. ಪ್ರತಿ 3 ಡೆಸಿಬಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಅಪ್ಪ ಎಷ್ಟೋ ನಾಟಕಗಳ ರಾತ್ರಿಗಳನ್ನು ಹಾರ್ನ್ ಕಂಬದ ಬುಡದಲ್ಲೇ ಕಳೆದವರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬಸ್ಸಿನ ಸದ್ದು ಮುಳುಗುವಷ್ಟು ವಾಲ್ಯೂಮ್ ಏರಿಸಿ ಕಾಲೇಜಿಗೆ ಹೋಗುವ ನಾವೂ ಅದೇ ಕಂಬದ ಬುಡದಲ್ಲಿ ಕೂತಿದ್ದೇವೆ. ನಾನೀಗ ಬಸ್ಸಿನಲ್ಲಿ ಇಯರ್‌ಫೋನ್ ಹಾಕುವುದನ್ನು ಬಿಟ್ಟಿದ್ದೇನೆ.

ಅಪ್ಪ ಕೆಲಸ ಬಿಟ್ಟಿಲ್ಲ. ಕಿವಿಗೆ ಪ್ಲಗ್ ಹಾಕಿಕೊಳ್ಳುತ್ತಾರೆ, ಹಾರ್ನ್‌ನಿಂದ ದೂರ ಕೂರುತ್ತಾರೆ. ಮಿಕ್ಸರ್‌ನ ಟ್ರೆಬಲ್ ನಾಬ್ ಎಲ್ಲಿರಬೇಕೆಂದು ನಾನೂ ತಂಗಿಯೂ ಕೇಳಿ ನೋಡಿ ಬಿಳಿ ಟೇಪಿನ ಗುರುತು ಅಂಟಿಸಿದ್ದೇವೆ. ಅಪ್ಪ ಅದನ್ನು ದಾಟುವುದಿಲ್ಲ. ನನ್ನ ಸ್ಪೀಕರ್‌ನ ಟ್ವೀಟರನ್ನು ಅವರಿಗೆ ಕೇಳುವಂತೆ ಸ್ವಲ್ಪ ಏರಿಸಲೇ ಎಂದು ಕೇಳಿದ್ದೆ. ‘ಬ್ಯಾಡ ಕಣೋ, ನಿಮ್ ಕಿವಿಗೆ ಸರಿ ಮಾಡ್ಕೊಳ್ಳಿ. ನನ್ನ ಕಿವಿಗೆ ಮಾಡಿದ್ರೆ ನಿಮ್ದೂ ಹೋಯ್ತದೆ’ ಎಂದರು.

ಕಳೆದ ತಿಂಗಳು ಪಕ್ಕದೂರಿನ ಮದುವೆಗೆ ಜೊತೆಗೆ ಹೋಗಿದ್ದೆ. ಬೆಳಗಿನ ಜಾವ ಆರಾದ ಮೇಲೆ ಅಪ್ಪ ಮೈಕ್ ಹಿಡಿದರು. ‘ಹಲೋ, ಮೈಕ್ ಟೆಸ್ಟಿಂಗ್.’ ಆಮೇಲೆ ಮೈಕ್ ಪಕ್ಕಕ್ಕೆ ಹಿಡಿದು, ಚಪ್ಪರದ ಆ ತುದಿಯಲ್ಲಿ ನಿಂತಿದ್ದ ನನ್ನನ್ನು ಕೂಗಿ ಕೇಳಿದರು:

‘ಟೆಸ್ಟಿಂಗ್‌ನಾಗೆ ಸ್ ಅನ್ನೋದು ನೆಟ್ಟಗೆ ಕೇಳ್ತೈತೇನೋ ಮಗಾ?’

‘ಕೇಳ್ತೈತಪ್ಪಾ’ ಎಂದೆ.

‘ಹಂಗಾದ್ರೆ ಸರಿ’ ಎಂದು ಒನ್ ಟೂ ತ್ರೀ ಮುಂದುವರಿಸಿದರು.