ಹುಡುಕುಪಟ್ಟಿಯೂ ಓಕಾರವೂ

ಸ್ಥಳನಾಮಗಳ ತಂತ್ರಾಂಶಕ್ಕೆ ಹುಡುಕುಪಟ್ಟಿಯನ್ನು ಜೋಡಿಸುವುದು ಕಷ್ಟವೇನಲ್ಲ. ಪೈಥಾನ್ ಭಾಷೆಯ ಟಿಕಿಂಟರ್‌ನಲ್ಲಿ ‘ಎಂಟ್ರಿ’ ಎಂಬ ಒಂದು ಘಟಕ ಸಾಕು. ತೊಡಕಿರುವುದು ಲಿಪಿಯಲ್ಲಿ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ರಾಯಿಕೋಡ್ ಎಂಬ ಹೆಸರನ್ನೇ ನೋಡಬಹುದು. ಇದರಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಒಪ್ಪುತ್ತದೆ. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿಯೂ ಒಪ್ಪುತ್ತದೆ. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಹೀಗಾಗಿ ಸಂಗ್ರಹದಲ್ಲಿರುವ ಊರೇ ಇಲ್ಲವೆಂಬ ಉತ್ತರ ಬರುತ್ತದೆ. ಕ್ಷೇತ್ರಕಾರ್ಯದ ಶ್ರಮವೆಲ್ಲ ಕಾಣದಾಗುತ್ತದೆ. ಹುಡುಕುವ ಪದವನ್ನೂ ಸಂಗ್ರಹದ ಪದವನ್ನೂ ಮೊದಲೇ ಏಕರೂಪಕ್ಕೆ ತರುವ ‘ನಾರ್ಮಲೈಸ್’ ಕ್ರಿಯೆಯೇ ಇದಕ್ಕೆ ಪರಿಹಾರ. ಆದರೆ ‘ರಾಯಿಕೋಡು’ ಎಂದು ಉಕಾರಾಂತವಾಗಿ ಬರೆದವರಿಗೆ ಅದೂ ನೆರವಾಗದು. ಅಂಥ ರೂಪಭೇದಗಳ ಪಟ್ಟಿಯನ್ನು ವ್ಯಾಕರಣ ಬಲ್ಲವರೇ ಕೂಡಿಸಿಕೊಡಬೇಕು.