ಊರೊಟ್ಟಿನ ಕಾಡೂ ಗ್ರಾಮಸ್ಥರ ಹಕ್ಕೂ

ಹೊಲಗದ್ದೆಗಳ ಫಲವು ಅವುಗಳ ಮೇರೆಯೊಳಗಿನ ಮಣ್ಣನ್ನು ಮಾತ್ರವೇ ಆಶ್ರಯಿಸಿದುದಲ್ಲ. ಗದ್ದೆಗೆ ತುಳಿಸುವ ಹಸುರು ಸೊಪ್ಪು, ಕೊಟ್ಟಿಗೆಗೆ ಹಾಸುವ ತರಗೆಲೆ, ದನಗಳ ಮೇವು, ಒಲೆಯ ಸೌದೆ, ಇವೆಲ್ಲವೂ ಊರೊಟ್ಟಿನ ಕಾಡಿನಿಂದಲೂ ಗೋಮಾಳದಿಂದಲೂ ದೊರೆಯತಕ್ಕವು. ಇದಲ್ಲದೆ ಮರದ ಬೇರುಗಳೂ ತರಗೆಲೆಯ ಹೊದಿಕೆಯೂ ಮಳೆಯ ನೀರನ್ನು ತಡೆದು ನೆಲಕ್ಕಿಳಿಸುವುವು. ಗುಡ್ಡವು ಬೋಳಾದರೆ ಮೇಲ್ಮಣ್ಣು ಕೊಚ್ಚಿಹೋಗಿ ಕೆರೆಯಲ್ಲಿ ಹೂಳು ತುಂಬುವುದು. ಬೇಸಗೆಯಲ್ಲಿ ಬಾವಿಗಳು ಬತ್ತುವುವು.

ಎಲ್ಲರಿಗೂ ಸೇರಿದ ನೆಲವನ್ನು ಯಾರೂ ಕಾಯುವುದಿಲ್ಲವೆಂದು ಅನೇಕರು ಹೇಳುವುದುಂಟು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅನುಭವವು ಇದಕ್ಕೆ ವಿರುದ್ಧವಾಗಿದೆ. ಆ ಸೀಮೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಾಗ, ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ತರುವಾಯ, 1920ರ ದಶಕದಲ್ಲಿ ಹಳಕಾರ, ಚಿತ್ರಗಿ ಮೊದಲಾದ ಗ್ರಾಮಗಳಿಗೆ ಕಾಡಿನ ಆಡಳಿತವು ಒಪ್ಪಿಸಲ್ಪಟ್ಟಿತು. ಹಳಕಾರದ ಗ್ರಾಮಸ್ಥರು ಸಮಿತಿಯನ್ನು ಏರ್ಪಡಿಸಿಕೊಂಡು, ತಮ್ಮ ವೆಚ್ಚದಿಂದಲೇ ಕಾವಲುಗಾರನನ್ನು ನೇಮಿಸಿ, ಸೊಪ್ಪು ಸೌದೆಗಳನ್ನು ನಿಯಮಕ್ಕನುಸಾರವಾಗಿ ಹಂಚಿಕೊಂಡರು.

ಕಾಲಾನಂತರದಲ್ಲಿ ಸರ್ಕಾರವು ಇಂಥ ಸಮಿತಿಗಳನ್ನು ರದ್ದುಗೊಳಿಸಲು ಮುಂದಾಯಿತು. ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮ ಕಾಡನ್ನು ಉಳಿಸಿಕೊಂಡರು. ಚಿತ್ರಗಿಯಲ್ಲಾದರೋ, ಹಕ್ಕು ಕೈತಪ್ಪಿದೊಡನೆ, ಅಷ್ಟು ವರ್ಷ ಕಾದಿದ್ದ ಜನರೇ ಕೆಲವೇ ದಿನಗಳಲ್ಲಿ ಮರಗಳನ್ನು ಕಡಿದೊಯ್ದರು. ಜನರ ಸ್ವಭಾವವು ಎರಡು ಊರುಗಳಲ್ಲಿಯೂ ಒಂದೇ, ಭೇದವಿದ್ದದ್ದು ಹಕ್ಕಿನಲ್ಲಿ. ನಾಳೆಯೂ ಈ ಮರವು ನಮ್ಮದೆಂಬ ಭರವಸೆಯಿದ್ದವನು ರೆಂಬೆಯನ್ನು ಮಾತ್ರ ಸವರುವನು. ಅದಿಲ್ಲದವನು ಬುಡಕ್ಕೇ ಕೊಡಲಿಯಿಡುವನು.

ಈ ಹಕ್ಕಿಗೆ ಈಗ ಕಾನೂನಿನ ಆಧಾರಗಳಿವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಮೇರೆಗೆ ಸರ್ಕಾರಿ ಜಮೀನನ್ನು ಗೋಮಾಳವಾಗಿ ಕಾದಿರಿಸಬಹುದು; ಪ್ರತಿ 100 ದನಗಳಿಗೆ 30 ಎಕರೆಯ ಪ್ರಮಾಣವು 1966ರ ನಿಯಮಗಳಲ್ಲಿ ಹೇಳಲ್ಪಟ್ಟಿದೆ. 2006ರ ಅರಣ್ಯ ಹಕ್ಕುಗಳ ಅಧಿನಿಯಮವು ಬುಡಕಟ್ಟಿನವರಿಗೂ ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ತಮ್ಮ ಸಮುದಾಯದ ಅರಣ್ಯವನ್ನು ಕಾಪಾಡಿ ನಿರ್ವಹಿಸುವ ಹಕ್ಕನ್ನು ಕೊಟ್ಟಿದೆ. ಗ್ರಾಮದ ಸಾಮುದಾಯಿಕ ಜಮೀನುಗಳ ಒತ್ತುವರಿಯನ್ನು ತೆರವುಮಾಡಿಸಲು ಯೋಜನೆ ಮಾಡಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶವಿತ್ತಿದೆ.

ಆದುದರಿಂದ ಗ್ರಾಮದ ಮುಖಂಡರು ಈ ಕೆಳಗಿನ ಕ್ರಮಗಳನ್ನು ಕೈಕೊಳ್ಳತಕ್ಕದ್ದು:

1. ಗೋಮಾಳ, ತೋಪು, ಕೆರೆಯಂಗಳಗಳ ಸರ್ವೆ ನಂಬರುಗಳನ್ನು ಪಹಣಿಯಲ್ಲಿ ನೋಡಿ, ಅಳತೆ ಮಾಡಿಸಿ, ಎಲ್ಲೆಕಲ್ಲುಗಳನ್ನು ನೆಡಿಸುವುದು.

2. ಕಾಡನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದನ್ನು ಸರದಿಯ ಮೇಲೆ ಮೇವಿಗೂ ಸೊಪ್ಪಿಗೂ ಮುಚ್ಚಿ, ಸಸಿಗಳು ಮೇಲೇಳಲು ಅವಕಾಶ ಕೊಡುವುದು.

3. ಸೊಪ್ಪು ಕಡಿಯುವಾಗ ಮರದ ತಲೆಯನ್ನು ಬಿಡುವುದು. ತರಗೆಲೆಯನ್ನು ಪೂರ್ತಿಯಾಗಿ ಗುಡಿಸದಿರುವುದು.

4. ಕಾವಲಿನ ವೆಚ್ಚವನ್ನು ಮನೆವಾರು ಹಂಚಿ, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು.

ಒತ್ತುವರಿಯನ್ನು ಬಿಡಿಸುವಲ್ಲಿ ದೊಡ್ಡ ಹಿಡುವಳಿದಾರರು ಮೊದಲು ತಮ್ಮ ಬೇಲಿಯನ್ನು ಹಿಂದಕ್ಕೆ ಸರಿಸಿದರೆ ಮಿಕ್ಕವರು ಅನುಸರಿಸುವರು. ಜಮೀನಿಲ್ಲದವನ ಒಂದೆರಡು ಆಡುಗಳಿಗೂ ಆ ಗೋಮಾಳವೇ ಆಧಾರವೆಂಬುದನ್ನು ಯಾರೂ ಮರೆಯಲಾಗದು.